ಮಗಳಿಗೊಂದು ಪತ್ರ: ನಿನ್ ಫ್ರೆಂಡ್ ಕೇಳಿದ್ದಕ್ಕೆ

ಪುಟ್ಟಿ,

ಫೋನಲ್ಲಿ ಪೂರ್ತಿ ಹೇಳಕ್ಕಾಗ್ಲಿಲ್ಲ, ಡ್ಯೂಟಿ ಟೈಮ್ ಆಗಿತ್ತು, ಅದಕ್ಕೇ ಬರೀತಿದೀನಿ. ನಿನ್ ಫ್ರೆಂಡ್‌ಗೂ ಓದಿ ಹೇಳು.

ಮೊದ್ಲು ಅವಳಿಗೆ ಧೈರ್ಯ ಹೇಳಮ್ಮ. ಬಸುರಿ ಅಂತ ಗೊತ್ತಾಗೋಕೆ ಮುಂಚೆ ಪಾರ್ಟಿಲಿ ಕುಡಿದಿದ್ಲು ಅಂದ ಮಾತ್ರಕ್ಕೆ ಮಗುಗೆ ಏನೋ ಆಗೇ ಹೋಯ್ತು ಅಂತಲ್ಲ. ಇವತ್ತೇ ನಿಲ್ಲಿಸ್ಲಿ, ಯಾವ ತಿಂಗಳಲ್ಲಿ ನಿಲ್ಲಿಸಿದ್ರೂ ಮಗುಗೆ ಅಷ್ಟು ಒಳ್ಳೇದೇ. ದಿನಾ ಕುಡಿಯೋ ಅಭ್ಯಾಸ ಇದ್ರೆ ಮಾತ್ರ ಮನೇಲಿ ಒಬ್ಳೇ ಕೂತು ಒಂದೇ ಸಲಕ್ಕೆ ಬಿಡೋದು ಬೇಡ, ನಡುಕ ಬರುತ್ತೆ, ಫಿಟ್ಸೂ ಬರಬಹುದು, ಡಾಕ್ಟರ್ ನೋಡ್ಕೊಂಡು ಬಿಡಿಸ್ಬೇಕು.

ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಅಂತ ಗೂಗಲ್ ಮಾಡಿ ರಾತ್ರಿಯೆಲ್ಲ ಅತ್ಲು ಅಂದ್ಯಲ್ಲ, ಅದು ಏನು ಅಂದ್ರೆ, ತಾಯಿ ಕುಡಿದಿದ್ದು ಮಾಸು ದಾಟಿ ಹೊಕ್ಕುಳಬಳ್ಳಿಲಿ ಮಗುಗೂ ಹೋಗುತ್ತೆ, ಅದನ್ನ ಕರಗಿಸೋ ಶಕ್ತಿ ಮಗು ಲಿವರ್‌ಗೆ ಇನ್ನೂ ಬಂದಿರಲ್ಲ. ಜಾಸ್ತಿ ಪೆಟ್ಟಾದ ಮಕ್ಕಳಿಗೆ ತಲೆ ಸಣ್ಣ, ಕಣ್ಣು ಚಿಕ್ಕದು, ಮೇಲ್ದುಟಿ ತೆಳು, ಮೂಗಿನ ಕೆಳಗಿನ ಕುಳಿ ಇಲ್ದೆ ನುಣ್ಣಗಿರುತ್ತೆ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜೋನ್ಸ್ ಮತ್ತು ಸ್ಮಿತ್ ಅನ್ನೋ ಡಾಕ್ಟರು ಇದಕ್ಕೆ ಈ ಹೆಸರಿಟ್ಟಿದ್ದು. ಆದ್ರೆ ಮುಖ ನೋಡಿ ಗೊತ್ತಾಗೋ ಮಕ್ಕಳೇ ಕಮ್ಮಿ, ಬಾಕಿಯವರಿಗೆ ಪೆಟ್ಟೆಲ್ಲ ಮೆದುಳಿಗೆ. ಹೇಳಿದ್ದು ನೆನಪಿರಲ್ಲ, ಲೆಕ್ಕ ತಲೆಗೆ ಹತ್ತಲ್ಲ, ಸಿಟ್ಟು ತಡ್ಕೊಳಕ್ಕಾಗಲ್ಲ, ಸ್ಕೂಲಲ್ಲಿ ದಡ್ಡ ಅಂತ ಹೊಡೆಸ್ಕೊಂಡೇ ಬೆಳೀತಾವೆ. ವಾಸಿ ಆಗೋದಲ್ಲ ಇದು. ಬೇಗ ಕಂಡುಹಿಡಿದು ಅವಕ್ಕೆ ತಕ್ಕಂಗೆ ಕಲಿಸಿದ್ರೆ ಬದುಕು ಸ್ವಲ್ಪ ಹಗುರ ಆಗುತ್ತೆ, ಅಷ್ಟೇ. ಬಸುರಲ್ಲಿ ಇಷ್ಟು ಕುಡಿದ್ರೆ ಪರವಾಗಿಲ್ಲ ಅನ್ನೋ ಅಳತೆ ಯಾವ ಡಾಕ್ಟರೂ ಹೇಳಲ್ಲ, ಅಂಥ ಅಳತೆನೇ ಇಲ್ಲ.

ನಂಗೆ ಹೊಟ್ಟೆ ಉರಿಯೋದು ಎಲ್ಲಿ ಗೊತ್ತಾ, ಇದನ್ನ ಯಾರೂ ಕೇಳಲ್ಲ. ನಮ್ಮ ಆಸ್ಪತ್ರೆಲಿ ಬಸುರೀರ ಚೆಕಪ್ ದಿನ ತಾಯಿ ಕಾರ್ಡ್ ಹಿಡ್ಕೊಂಡು ಸಾಲಾಗಿ ಬರ್ತಾರೆ, ತೂಕ, ಬಿಪಿ, ರಕ್ತ ಎಲ್ಲ ನೋಡ್ತೀವಿ, ಎಲೆಅಡಿಕೆ ಹಾಕ್ತೀಯೇನಮ್ಮ ಅಂತ್ಲೂ ಕೇಳ್ತೀವಿ, ಕುಡೀತೀಯಾ ಅನ್ನಕ್ಕೆ ಮಾತ್ರ ಬಾಯಿ ಬರಲ್ಲ, ನಮ್ಮ ಕಡೆ ಹುಡುಗೀರು ಎಲ್ಲಿ ಕುಡೀತಾರೆ ಅಂತ. ಅತ್ತೆ ಪಕ್ಕದಲ್ಲೇ ನಿಂತಿದ್ರೆ ಯಾವ ಹುಡುಗಿ ಹೂಂ ಅಂತಾಳೆ ಹೇಳು? ಅದಕ್ಕೇ ನಾನು ಅತ್ತೇನ ಚೀಟಿ ಮಾಡಿಸ್ಕೊಂಡು ಬನ್ನಿ ಅಂತ ಕೌಂಟರಿಗೆ ಕಳಿಸಿ, ಬಿಪಿ ಪಟ್ಟಿ ಸುತ್ತುತ್ತಾ ಮೆಲ್ಲಗೆ ಕೇಳ್ತೀನಿ. ಮೊದ್ಲು ಮುಖ ನೋಡ್ತಾರೆ, ಆಮೇಲೆ ಕೆಲವ್ರು ಹೇಳ್ತಾರೆ.

2019ರ ಜನವರಿಲಿ ನಮ್ಮ ದುರ್ಗದಿಂದ ಹೆಣ್ಮಕ್ಕಳು ಮದ್ಯ ನಿಷೇಧ ಮಾಡಿ ಅಂತ ಬೆಂಗಳೂರು ತನಕ ನಡ್ಕೊಂಡೇ ಹೋದ್ರಲ್ಲ, ಗಂಡನ ಕುಡಿತದಿಂದ ಮನೆ ಹಾಳಾದ ಹಳ್ಳಿ ಹೆಂಗಸರೇ ಜಾಸ್ತಿ ಅದ್ರಲ್ಲಿ. ಆ ಸಂಕಟ ಖಂಡಿತ ನಿಜ. ಆದ್ರೆ ಕುಡಿತ ಅಂದ್ರೆ ಗಂಡಸರದ್ದು ಅಂತ ಊರೆಲ್ಲ ಅಂದ್ಕೊಂಡಿರೋದ್ರಿಂದ, ಕಾಲೇಜು, ಪಿಜಿ, ಆಫೀಸ್ ಪಾರ್ಟಿ ಅಂತ ಕುಡಿಯಕ್ಕೆ ಶುರು ಮಾಡೋ ನಿಮ್ಮ ವಯಸ್ಸಿನವ್ರಿಗೆ ಈ ವಿಷ್ಯ ಹೇಳೋರೇ ಇಲ್ಲ.

ನಿಂಗೂ ಒಂದು ಮಾತು. ಬಿಯರ್ ತಾನೇ ಅಮ್ಮ ಅಂದೆ. 650 ಎಂಎಲ್ ಸ್ಟ್ರಾಂಗ್ ಬಿಯರ್, 8 ಪರ್ಸೆಂಟಿಂದು, ಒಂದು ಬಾಟ್ಲಲ್ಲಿ ಸುಮಾರು 40 ಗ್ರಾಂ ಆಲ್ಕೋಹಾಲ್ ಇರುತ್ತೆ ಕಣೆ, ಅಂದ್ರೆ 30 ಎಂಎಲ್‌ದು ನಾಲ್ಕು ಪೆಗ್ ವಿಸ್ಕಿ ಕುಡಿದಂಗೆ. ಹೆಣ್ಣಿನ ಮೈಯಲ್ಲಿ ನೀರಿನಂಶ ಕಮ್ಮಿ, ಅದಕ್ಕೇ ಹುಡುಗರಷ್ಟೇ ಕುಡಿದ್ರೂ ನಿಮ್ಮ ರಕ್ತದಲ್ಲಿ ಜಾಸ್ತಿ ಏರುತ್ತೆ. ಇನ್ನೊಂದು, ತಿಂಗಳು ತಪ್ಪಿ ಟೆಸ್ಟ್ ಮಾಡ್ಕೊಳ್ಳೋ ಹೊತ್ತಿಗೆ ಐದಾರು ವಾರ ಆಗೇ ಇರುತ್ತೆ, ಮಗುದು ಮೆದುಳು, ಬೆನ್ನುಹುರಿ, ಹೃದಯ ಆಗಕ್ಕೆ ಶುರುವಾಗಿರುತ್ತೆ. ಹಂಗಾಗಿ ಮಗು ಬೇಕು ಅನ್ಸಿದ ದಿನಾನೇ ಬಿಡ್ಬೇಕು, ಗಂಡನೂ ಜೊತೇಲಿ ಬಿಡ್ಬೇಕು, ಅವನು ಎದುರಿಗೆ ಗ್ಲಾಸ್ ಇಟ್ಕೊಂಡು ಕೂತು ಇವಳೊಬ್ಳೇ ಬಾಯಿ ಕಟ್ಟು ಅಂದ್ರೆ ಅದ್ಯಾವ ನ್ಯಾಯ.

ನಿನ್ ಫ್ರೆಂಡ್‌ಗೆ ಡಾಕ್ಟರ್ ಹತ್ರ ಇದ್ದಿದ್ದು ಇದ್ದಂಗೆ ಹೇಳಕ್ಕೆ ಹೇಳು, ಯಾವಾಗ, ಏನು, ಎಷ್ಟು ಅಂತ. ನಾಚಿಕೆ ಆದ್ರೆ ಮೊದ್ಲು ನಂಗೇ ಫೋನ್ ಮಾಡ್ಲಿ, ಗುರುವಾರ ನಂಗೆ ರಜೆ. ರಾತ್ರಿ ಹೊತ್ತು ತೀರಾ ಗಾಬರಿ ಆದ್ರೆ 14416ಕ್ಕೆ ಫೋನ್ ಮಾಡ್ಲಿ, ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಅಮ್ಮ
ಚಿತ್ರದುರ್ಗ