ತೀರ್ಪುಗಾರರ ಅಂಕವೂ ಗೆಲುವೇ

ಮಾನ್ಯರೇ,

ಚಿಯರ್‌ಲೀಡಿಂಗ್, ಯೋಗಾಸನದಂತಹ ತೀರ್ಪುಗಾರರು ಅಂಕ ನೀಡುವ ಸ್ಪರ್ಧೆಗಳನ್ನು ಕ್ರೀಡೆಯೆಂದು ಒಪ್ಪಲು ನಮ್ಮ ಬಳ್ಳಾರಿ ಭಾಗದಲ್ಲಿ ಇನ್ನೂ ಹಿಂಜರಿಕೆ ಇದೆ. ಗೋಲು, ರನ್ ಇಲ್ಲದ್ದು ಆಟವಲ್ಲ ಎಂಬ ವಾದ ನಿಲ್ಲುವಂಥದ್ದಲ್ಲ. ತೋರಣಗಲ್ಲಿನಲ್ಲಿ ತರಬೇತಿ ಪಡೆಯುವ ಬಾಕ್ಸರ್‌ಗಳ ಬಗ್ಗೆ ನಾವು ಹೆಮ್ಮೆಪಡುತ್ತೇವೆ; ಅಲ್ಲಿಯೂ ನಾಕೌಟ್ ಆಗದಿದ್ದರೆ ಗೆಲುವು ನಿರ್ಧಾರವಾಗುವುದು ತೀರ್ಪುಗಾರರ ಅಂಕಗಳಿಂದಲೇ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟ್ ದೀಪಾ ಕರ್ಮಾಕರ್ 0.150 ಅಂಕದಿಂದ ಕಂಚು ತಪ್ಪಿಸಿಕೊಂಡಾಗ ಇಡೀ ದೇಶವೇ ಮರುಗಿತ್ತು. ಅದು ಆಟವಲ್ಲವೆಂದು ಯಾರೂ ಅನ್ನಲಿಲ್ಲ.

ಕ್ರಿಕೆಟ್ ಬೌಂಡರಿಯಾಚೆಗಿನ ಕುಣಿತವಷ್ಟೇ ಚಿಯರ್‌ಲೀಡಿಂಗ್ ಅಲ್ಲ. ಸ್ಪರ್ಧೆಯಲ್ಲಿ ಕೆಳಗಿನವರು ಅಂಗೈ ಮೇಲೆ ಒಬ್ಬಳನ್ನು ನಿಲ್ಲಿಸಿ, ಮೇಲಕ್ಕೆಸೆದು, ಮತ್ತೆ ಹಿಡಿಯುತ್ತಾರೆ. ಒಂದು ಕ್ಷಣ ತಪ್ಪಿದರೂ ಕುತ್ತಿಗೆಗೇ ಪೆಟ್ಟು. ಅದರ ಜಾಗತಿಕ ಒಕ್ಕೂಟಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2021ರಲ್ಲಿ ಪೂರ್ಣ ಮಾನ್ಯತೆ ನೀಡಿದೆ. ಯೋಗಾಸನವನ್ನು ಕೇಂದ್ರ ಸರ್ಕಾರ 2020ರಲ್ಲೇ ಸ್ಪರ್ಧಾತ್ಮಕ ಕ್ರೀಡೆಯೆಂದು ಮಾನ್ಯ ಮಾಡಿದೆ.

ತೀರ್ಪಿನಲ್ಲಿ ಪಕ್ಷಪಾತ ಆಗಬಹುದೆಂಬ ಆತಂಕ ನ್ಯಾಯವಾದದ್ದೇ. ಅದಕ್ಕೆ ಪರಿಹಾರ ಸ್ಪಷ್ಟ ನಿಯಮ, ತರಬೇತಾದ ತೀರ್ಪುಗಾರರು; ಆಟವನ್ನೇ ಹೊರಗಿಡುವುದಲ್ಲ. ಕ್ರೀಡಾ ಇಲಾಖೆಯು ಜಿಲ್ಲಾ ಮಟ್ಟದಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಿಗೆ ಅಂಕ ನೀಡುವ ತರಬೇತಿ ಏರ್ಪಡಿಸಲಿ, ಪ್ರತಿ ತಾಲ್ಲೂಕಿಗೂ ಸುರಕ್ಷಿತ ಮ್ಯಾಟ್‌ಗಳನ್ನು ಒದಗಿಸಲಿ.

— ಓರ್ವ ಓದುಗ, ಸಂಡೂರು