ಹೊಳೆ ಹತ್ತಿರ ಹೋಗಬೇಡ ಅಂದವನು ನಾನೇ

ಶಾಂತಳ್ಳಿ
ಮಾರ್ಚ್, ಬುಧವಾರ ರಾತ್ರಿ

ಪುಟ್ಟಿ,

ಭಾನುವಾರ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ. "ಆಯ್ತು, ನೋಡೋಣ" ಅಂತ ಹೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟೆ. ನಿನಗೆ ತುಂಬಾ ಬೇಜಾರಾಗಿದೆ ಅಂತ ಅಮ್ಮ ಆಮೇಲೆ ಹೇಳಿದಳು. ಅಪ್ಪನಿಗೆ ದುಡ್ಡಿನ ಚಿಂತೆ ಅಂತ ನೀನು ಅಂದುಕೊಂಡಿರಬಹುದು. ಅದಲ್ಲ ಮಗಳೇ. ಮೂರು ದಿನದಿಂದ ಮೆಣಸು ಕೊಯ್ಯಿಸುತ್ತಾ ಇದನ್ನೇ ಯೋಚಿಸುತ್ತಿದ್ದೇನೆ. ಫೋನಿನಲ್ಲಿ ಹೇಳೋಕೆ ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಟ್ರಯಥ್ಲಾನ್‌ಗೆ ಹೋಗುತ್ತೇನೆ, ಅದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಅಂದೆ. ಈಜು, ಸೈಕಲ್, ಓಟ, ಮೂರೂ ಒಂದೇ ರೇಸಿನಲ್ಲಿ. ಓಟದ ಬಗ್ಗೆ ನನಗೆ ಚಿಂತೆಯೇ ಇಲ್ಲ, ನೀನು ಓಟಗಾರ್ತಿಯೇ. ಸೈಕಲ್ಲನ್ನು ನೀನು ಕಲಿಯುತ್ತೀಯ. ನನ್ನ ಬಾಯಿ ಕಟ್ಟಿದ್ದು ನೀನು ಕೊನೆಗೆ ಹೇಳಿದ ಮಾತು. "ಎಂಟು ತಿಂಗಳಿಂದ ಈಜು ಕಲಿತಾ ಇದ್ದೀನಿ ಅಪ್ಪ, ನೀವು ಬೈತೀರಾ ಅಂತ ಹೇಳಿರಲಿಲ್ಲ."

ನಿನಗೆ ಆರು ವರ್ಷ. ಜೂನ್ ತಿಂಗಳು. ತೋಟದ ಕೆಳಗಿನ ಹೊಳೆ ಕೆಂಪಾಗಿ ಹರಿಯುತ್ತಿತ್ತು. ನೀನು ಕಾಗದದ ದೋಣಿ ಹಿಡಿದುಕೊಂಡು ಕಾಲುಸಂಕದ ಮಧ್ಯೆ ನಿಂತಿದ್ದೆ. ನಾನು ಓಡಿ ಬಂದು ನಿನ್ನನ್ನು ಎತ್ತಿಕೊಂಡೆ. ಮನೆಗೆ ತಂದು ಕಾಲಿಗೆ ಎರಡು ಬಾರಿಸಿದೆ. "ಇನ್ನೊಂದು ಸಲ ಹೊಳೆ ಹತ್ತಿರ ಹೋದರೆ ನೋಡು" ಅಂದೆ. ಆಮೇಲೆ ಪ್ರತಿ ಮಳೆಗಾಲವೂ ಅದೇ ಮಾತು. ಅಜ್ಜಿಯೂ ಸೇರಿಕೊಂಡರು. ನೀರಿಗೆ ಇಳಿದರೆ ಎಳೆದುಕೊಳ್ಳುತ್ತೆ ಅಂತ ನಿನಗೆ ಅನ್ನದ ಜೊತೆ ತಿನ್ನಿಸಿದ್ದೇವೆ.

ನಮ್ಮ ಕಡೆ ಎಲ್ಲರ ಮನೆಯಲ್ಲೂ ಹೀಗೇ ಅಲ್ವಾ? ಪುಷ್ಪಗಿರಿಯಿಂದ ಇಳಿಯುವ ನೀರು ನಮ್ಮ ಸುತ್ತಲೇ ಹರಿಯುತ್ತೆ. ಮಲ್ಲಳ್ಳಿಯಲ್ಲಿ ಕುಮಾರಧಾರ ಬೀಳುವುದನ್ನು ನೋಡೋಕೆ ಎಲ್ಲಿಂದಲೋ ಜನ ಬರುತ್ತಾರೆ. ಇಷ್ಟು ನೀರಿನ ನಡುವೆ ಬದುಕಿದರೂ ಈಜು ಬರುವವರು ಬೆರಳೆಣಿಕೆ. ಬಂಡೆಗಳ ನಡುವೆ ನುಗ್ಗುವ ನೀರಲ್ಲಿ ಯಾರು ಕಲಿಯಲು ಸಾಧ್ಯ? ಆ ಭಯ ನಿನ್ನನ್ನು ಉಳಿಸಿದೆ, ಅದು ನಿಜ. ಆದರೆ ಈಗ ನಿನಗೆ ಅಡ್ಡ ನಿಂತಿರುವುದೂ ಅದೇ. ಆ ಭಯವನ್ನು ಹಾಕಿದವನು ನಾನು.

ನನಗೆ ಹೆಚ್ಚು ನೋವಾಗಿದ್ದು ಬೇರೆ ಕಾರಣಕ್ಕೆ. ನನಗೆ ಈಜು ಬರುತ್ತೆ. ಸೇನೆಗೆ ಸೇರಿದಾಗ ನನಗೆ 19 ವರ್ಷ. ನನ್ನ ಜೊತೆ ಕೇರಳದ ಹುಡುಗರಿದ್ದರು, ಹಿನ್ನೀರಿನ ದಡದಲ್ಲಿ ಬೆಳೆದವರು. ಅವರು ನೀರಿಗೆ ಇಳಿದರೆ ಅಂಗಳಕ್ಕೆ ಇಳಿದ ಹಾಗೆ. ನನಗೆ ನೀರಲ್ಲಿ ಮುಖ ಇಟ್ಟು ನಿಧಾನವಾಗಿ ಉಸಿರು ಬಿಡುವುದಕ್ಕೇ ತಿಂಗಳುಗಳು ಬೇಕಾದವು. ಭಯ ಇರುವವನು ನೀರೊಳಗೆ ಉಸಿರು ಹಿಡಿದುಕೊಳ್ಳುತ್ತಾನೆ. ಹಿಡಿದುಕೊಂಡರೆ ತಲೆ ತಿರುಗಿಸಿದ ಅರೆಗಳಿಗೆಯಲ್ಲಿ ಹಳೆಯದನ್ನು ಬಿಟ್ಟು ಹೊಸದನ್ನು ಎಳೆದುಕೊಳ್ಳಬೇಕು. ಎರಡಕ್ಕೂ ಹೊತ್ತು ಸಾಲದು. ಗಾಬರಿಯಾಗಿ ತಲೆ ಮೇಲೆತ್ತುತ್ತಾನೆ. ತಲೆ ಮೇಲೆ ಬಂದರೆ ಕಾಲು ಮುಳುಗುತ್ತೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನಗೆ ಕಲಿಸಲಿಲ್ಲ. ನಿನ್ನನ್ನು ದಡದಿಂದ ದೂರ ಇಡುವುದೇ ಸುಲಭ ಅನ್ನಿಸಿತು. ಈಗ ನೀನು 22ನೇ ವರ್ಷದಲ್ಲಿ, ಯಾರದೋ ಜೊತೆ, ನನಗೆ ಹೇಳದೆ ಕಲಿಯಬೇಕಾಯಿತು. ಕ್ಷಮಿಸು ಮಗಳೇ.

ನಿನ್ನ ತಮ್ಮನ ಜೊತೆ ಕೂತು ಎರಡು ರಾತ್ರಿ ರೇಸಿನ ವಿಡಿಯೋಗಳನ್ನು ನೋಡಿದೆ. ಒಲಿಂಪಿಕ್ಸ್‌ನಲ್ಲಿ ನಡೆಯುವುದು 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಐವತ್ತು ಮೀಟರಿನ ಕೊಳದಲ್ಲಿ 30 ಸಲ, ಆಮೇಲೆ ಹೆಚ್ಚುಕಡಿಮೆ ಸೋಮವಾರಪೇಟೆಯಿಂದ ಮಡಿಕೇರಿಯವರೆಗೆ ಸೈಕಲ್, ಅದಾದ ಮೇಲೆ ನಿನ್ನ ಟ್ರ್ಯಾಕಿನ 25 ಸುತ್ತು. ಮೊದಲು ನನಗೆ ಅನ್ನಿಸಿದ್ದು, ಓಟ ಕೊನೆಗೆ ಬರುತ್ತೆ, ನಮ್ಮ ಹುಡುಗಿ ಅಲ್ಲಿ ಎಲ್ಲರನ್ನೂ ಹಿಡಿಯುತ್ತಾಳೆ ಅಂತ. ನೋಡುತ್ತಾ ನೋಡುತ್ತಾ ವಿಷಯ ಅರ್ಥವಾಯಿತು. ನೀರಿನಿಂದ ಒಟ್ಟಿಗೆ ಎದ್ದವರು ಸೈಕಲ್ಲಿನಲ್ಲೂ ಗುಂಪಾಗಿ ಹೋಗುತ್ತಾರೆ. ಒಬ್ಬರ ಹಿಂದೆ ಒಬ್ಬರು ಗಾಳಿಯ ಮರೆಯಲ್ಲಿ. ಆ ಗುಂಪು ತಪ್ಪಿದವಳು ಒಬ್ಬಳೇ ಗಾಳಿಗೆ ಎದೆ ಕೊಟ್ಟು ತುಳಿಯಬೇಕು. ಮುಂದಿನವರು ಒಂದು ಸುತ್ತು ಜಾಸ್ತಿ ಹೊಡೆದು ಹಿಂದಿನಿಂದ ಬಂದು ಹಿಡಿದರೆ, ಸಾಮಾನ್ಯವಾಗಿ ಅವಳನ್ನು ರೇಸಿನಿಂದಲೇ ಇಳಿಸಿಬಿಡುತ್ತಾರೆ. ಹಾಗಾದರೆ ನಿನ್ನ ಓಟಕ್ಕೆ ಸರದಿಯೇ ಬರುವುದಿಲ್ಲ.

ಅಮೆರಿಕದ ಗ್ವೆನ್ ಜೋರ್ಗೆನ್‌ಸನ್ ಬಗ್ಗೆ ನೀನು ಹೇಳಿದ್ದೆ. ಕಾಲೇಜಿನಲ್ಲಿ ಓಡುತ್ತಿದ್ದವಳು, ಲೆಕ್ಕಪತ್ರದ ಕೆಲಸದಲ್ಲಿದ್ದವಳು, 2016ರಲ್ಲಿ ರಿಯೋದಲ್ಲಿ ಚಿನ್ನ ಗೆದ್ದಳು. ಓದಿ ಖುಷಿಯಾಯಿತು. ಆದರೆ ಒಂದು ಮಾತು ನೆನಪಿರಲಿ. ಅವಳು ಕಾಲೇಜಿನಲ್ಲಿ ಈಜುಗಾರ್ತಿಯೂ ಆಗಿದ್ದಳು. ನಿನಗೆ ಆ ಬುನಾದಿ ಇಲ್ಲ. ಅವಳ ಲೆಕ್ಕ ನಿನಗೆ ಹೊಂದುವುದಿಲ್ಲ, ನಿನಗೆ ಇನ್ನೂ ಜಾಸ್ತಿ ವರ್ಷ ಬೇಕು. ನಾನು ಅವಳಿಂದ ತೆಗೆದುಕೊಂಡಿದ್ದು ಅದಕ್ಕೂ ನಾಲ್ಕು ವರ್ಷ ಹಿಂದಿನದನ್ನು. 2012ರಲ್ಲಿ ಲಂಡನ್‌ನಲ್ಲಿ ಅವಳ ಸೈಕಲ್ ಪಂಕ್ಚರ್ ಆಯಿತು, 38ನೆಯವಳಾಗಿ ಮುಗಿಸಿದಳು. ಬಿಟ್ಟು ಹೋಗಲಿಲ್ಲ, ಮುಗಿಸಿದಳು.

ನಿನಗೆ ಕಷ್ಟ ಆಗುವುದು ಇದೇ ಅಂತ ನನಗೆ ಅನ್ನಿಸುತ್ತೆ. ಮೂಡುಬಿದಿರೆಯಲ್ಲಿ ಓದಿದ ಐದು ವರ್ಷವೂ ನೀನು ಮುಂದಿನ ಸಾಲಿನವಳು. ಕ್ರಾಸ್ ಕಂಟ್ರಿಯಲ್ಲಿ ಹಿಂದೆ ತಿರುಗಿ ನೋಡುವವಳು. ಈಗ ನೀರಿನಿಂದ ಏಳುವಾಗ ನಿನ್ನ ಮುಂದೆ ಎಲ್ಲರ ಬೆನ್ನೂ ಕಾಣುತ್ತೆ. ಒಂದು ವರ್ಷ, ಎರಡು ವರ್ಷ, ಬಹುಶಃ ಮೂರು. ಊರಿನವರು ಕೇಳುತ್ತಾರೆ, ಎಷ್ಟನೇ ಸ್ಥಾನ ಅಂತ. ಅಶ್ವಿನಿ ನಾಚಪ್ಪ, ಪೂವಮ್ಮ ಅಂಥವರನ್ನು ಕಂಡ ಜಿಲ್ಲೆ ಇದು, ಓಟ ಗೊತ್ತು, ಹಾಕಿ ಅಂತೂ ಗೊತ್ತೇ ಗೊತ್ತು. ಟ್ರಯಥ್ಲಾನ್ ಗೊತ್ತಿಲ್ಲ. ಅವರಿಗೆ ಉತ್ತರ ಕೊಡುವುದು ನನ್ನ ಕೆಲಸ. ನೀನು ನನಗೆ ಸ್ಥಾನ ಹೇಳಬೇಡ. ನೀರಿನಿಂದ ಎದ್ದಾಗ ಮುಂದಿನ ಗುಂಪಿಗೂ ನಿನಗೂ ಎಷ್ಟು ಸೆಕೆಂಡ್ ಇತ್ತು ಅಂತ ಮಾತ್ರ ಹೇಳು. ನಾನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ.

ಈಜಿಗೆ ವಾರಕ್ಕೆ ಎರಡು ದಿನ ಜೋರಾಗಿ ಹೋಗುವುದಕ್ಕಿಂತ, ಸ್ವಲ್ಪ ಹೊತ್ತಾದರೂ ದಿನಾ ಇಳಿಯುವುದು ಒಳ್ಳೆಯದು. ಓಡುವವರ ಪಾದದ ಗಂಟು ಬಿಗಿ ಇರುತ್ತೆ, ಕಾಲು ಬಡಿದಷ್ಟೂ ಸುಸ್ತು, ಮುಂದೆ ಹೋಗುವುದು ಕಡಿಮೆ. ಕೋಚ್ ಅದನ್ನು ತಿದ್ದುತ್ತಾರೆ, ಅವರ ಮಾತು ಕೇಳು. ಒಂದೇ ಒಂದು ವಿಷಯದಲ್ಲಿ ನಾನು ಹಳೆಯ ಅಪ್ಪನೇ. ಊರಿಗೆ ಬಂದಾಗ ಹಾರಂಗಿ ಹಿನ್ನೀರಿಗೋ ಕಾವೇರಿಗೋ ಒಬ್ಬಳೇ ಇಳಿಯಬೇಡ. ಹೊರಗಿನ ನೀರಲ್ಲಿ ಅಭ್ಯಾಸ ಬೇಕೇ ಬೇಕು ಅಂತ ಗೊತ್ತು. ಅದಕ್ಕೆ ದೋಣಿ ಇರುವ, ಕಾಯುವವರು ಇರುವ ಜಾಗಕ್ಕೆ ಹೋಗು. ಖರ್ಚು ಎಷ್ಟಾದರೂ ಆಗಲಿ.

ದುಡ್ಡಿನ ಮಾತೂ ಮುಗಿಸಿಬಿಡುತ್ತೇನೆ. ಪ್ರೊ, ಅಂದರೆ ವೃತ್ತಿಪರ ಆಟಗಾರ್ತಿ ಆದರೆ ತಿಂಗಳ ಸಂಬಳ ಬರಲ್ಲ ಅಂತ ನನಗೆ ಅರ್ಥವಾಗಿದೆ. ಮುಂದೆ ಬಂದ ಕೆಲವರಿಗೆ ಬಹುಮಾನ, ಉಳಿದವರದು ಸ್ವಂತ ಖರ್ಚು. ಈಚೆಗೆ ಕಾಫಿಗೆ ಒಳ್ಳೆಯ ರೇಟು ಸಿಕ್ಕಿದೆ. ಮೂರು ವರ್ಷ ನಾನು ನೋಡಿಕೊಳ್ಳುತ್ತೇನೆ. ಸೈಕಲ್ ಹಳೆಯದಾದರೂ ಪರವಾಗಿಲ್ಲ, ನಿನ್ನ ಅಳತೆಯದೇ ಇರಲಿ. ಅಮ್ಮನಿಗೆ ಮಾತ್ರ ಇನ್ನೂ ರೈಲ್ವೆಯ ಕ್ರೀಡಾ ಕೋಟಾದ ಆಸೆ ಇದೆ. ಅವಳ ಜೊತೆ ಸಿಟ್ಟು ಮಾಡಬೇಡ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಪ್ರಜ್ಞಾ ಮೋಹನ್, ಸಂಜನಾ ಜೋಶಿ ನಮ್ಮ ದೇಶದ ಪರವಾಗಿ ಟ್ರಯಥ್ಲಾನ್‌ನಲ್ಲಿ ಸ್ಪರ್ಧಿಸಿದ್ದನ್ನು ಅವಳಿಗೆ ತೋರಿಸಿದ್ದೇನೆ. ಎರಡು ಸಲ ನೋಡಿದಳು. ಏನೂ ಹೇಳಲಿಲ್ಲ.

ಅವಳ ಭಯ ನಿನ್ನ ಮೊಣಕಾಲ ಕೆಳಗಿನ ಮೂಳೆಯದು. ಮೂಡುಬಿದಿರೆಯಲ್ಲಿ ಎರಡನೇ ವರ್ಷ ನೀನು ನೋವು ಅಂದರೂ ಅಲ್ಲಿನ ಸರ್ ಓಡಿಸಿದರು, ಕೊನೆಗೆ ಮೂಳೆಯಲ್ಲಿ ಬಿರುಕು ಬಿಟ್ಟಿತು. ನಾವು ದೂರದಲ್ಲಿ ಕೂತು "ಸರ್ ಹೇಳಿದ ಹಾಗೆ ಮಾಡು" ಅಂದೆವು. ಇನ್ನು ಹಾಗೆ ಹೇಳುವುದಿಲ್ಲ. ನೋವು ಬಂದರೆ ನಿಲ್ಲಿಸು. ಹೊಟ್ಟೆ ತುಂಬಾ ಊಟ ಮಾಡು. ತಿಂಗಳ ಮುಟ್ಟು ತಪ್ಪಿದರೆ ತಕ್ಷಣ ಡಾಕ್ಟರಿಗೆ ತೋರಿಸು. ಅಪ್ಪ ಇದನ್ನೆಲ್ಲ ಬರೆಯುತ್ತಾರಾ ಅಂತ ಅಂದುಕೊಳ್ಳಬೇಡ, ಊಟ ಸಾಲದೆ ಮುಟ್ಟು ತಪ್ಪಿದರೆ ಮೂಳೆಯೂ ದುರ್ಬಲವಾಗುತ್ತೆ, ಇದು ಮೂಳೆಯ ವಿಷಯ.

ಇನ್ನೊಂದು ಹೇಳಬೇಕು. ವಿಡಿಯೋದಲ್ಲಿ ನನಗೆ ಬಹಳ ಹಿಡಿಸಿದ್ದು ನೀರಿನಿಂದ ಓಡಿ ಬಂದು ಸೈಕಲ್ ಹತ್ತುವ ಜಾಗ. ಹೆಲ್ಮೆಟ್ ಪಟ್ಟಿ ಬಿಗಿಯುವವರೆಗೆ ಸೈಕಲ್ ತೆಗೆಯುವ ಹಾಗಿಲ್ಲ. ಗೆರೆ ದಾಟುವ ಮೊದಲು ಹತ್ತುವ ಹಾಗಿಲ್ಲ. ವಾಪಸು ಬರುವಾಗ ಗೆರೆಗೆ ಮೊದಲೇ ಇಳಿಯಬೇಕು. ತಪ್ಪಿದರೆ ದಂಡವಾಗಿ ಇಂತಿಷ್ಟು ಸೆಕೆಂಡ್ ಅಂತ ನಿಲ್ಲಬೇಕು. ಅದನ್ನು ನೋಡುವಾಗ ಮೆಣಸು ಒಣಗಿಸುವ ನಮ್ಮ ಕಣ ನೆನಪಾಯಿತು. ಸಿಮೆಂಟ್ ನೆಲ, ಮಟ್ಟಸ, ಬಿದ್ದರೂ ಕೆಳಗೆ ಕಂದಕ ಇಲ್ಲ. ಇಲ್ಲಿನ ರಸ್ತೆಯಲ್ಲಿ ತಿರುವು, ಮಂಜು, ಭಾನುವಾರ ಬಂತೆಂದರೆ ಪ್ರವಾಸಿಗಳ ಕಾರು. ಹತ್ತಿ ಇಳಿಯುವುದನ್ನು ಅಲ್ಲಿ ಕಲಿಯಬೇಡ, ಕಣದಲ್ಲಿ ಕಲಿ. ಸೈಕಲ್ ತುಳಿದು ಇಳಿದ ಕೂಡಲೇ ಕಾಲು ಮರದ ತುಂಡಿನ ಹಾಗೆ ಇರುತ್ತೆ ಅಂದೆಯಲ್ಲ, ಇಳಿದವಳು ಹಾಗೇ ತೋಟದ ದಾರಿ ಹಿಡಿದು ಮೇಲಿನ ಗೇಟಿನವರೆಗೆ ಓಡಬಹುದು.

ಈಗ ಕಣದ ತುಂಬಾ ಮೆಣಸು ಹರಡಿದೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಇನ್ನೂ ಬಂದಿಲ್ಲ, ದಿನಾ ಆಕಾಶ ನೋಡುತ್ತಿದ್ದೇವೆ. ಯುಗಾದಿ ಹೊತ್ತಿಗೆ ಮೆಣಸು ಚೀಲ ಸೇರುತ್ತೆ. ಆಮೇಲೆ ಕಣ ಗುಡಿಸಿ ಸುಣ್ಣದಲ್ಲಿ ಎರಡು ಗೆರೆ ಎಳೆದಿಡುತ್ತೇನೆ, ಹತ್ತುವುದಕ್ಕೆ ಒಂದು, ಇಳಿಯುವುದಕ್ಕೆ ಒಂದು. ಹಬ್ಬಕ್ಕೆ ಬರುವಾಗ ಸೈಕಲ್ಲನ್ನೂ ತಾ. ಬಸ್ಸಿನ ಮೇಲೆ ಹಾಕಿಸಿದರೆ ಪೆಟ್ಟಾಗುತ್ತೆ. ಕುಶಾಲನಗರದವರೆಗೆ ಹೇಗಾದರೂ ಬಾ, ಅಲ್ಲಿಗೆ ನಾನು ಜೀಪ್ ತರುತ್ತೇನೆ.

ನಿನ್ನ
ಅಪ್ಪ