ಶನಿವಾರದ ಧರ್ಮ ಪರಿಚಯ ತರಗತಿಯ ಕುರಿತು ಪೋಷಕರಿಗೆ

ಪ್ರಿಯ ಪೋಷಕರೇ, ನಮಸ್ಕಾರ.

ಒಂಬತ್ತನೇ 'ಬಿ' ತರಗತಿಯಲ್ಲಿ ಯಹೂದಿ ಧರ್ಮದ ಪಾಠದ ವೇಳೆ ಮೇಜಿನ ಮೇಲೆ ಎರಡು ಮೇಣದಬತ್ತಿ ಉರಿಯುತ್ತಿರುವ ಫೋಟೋ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಓಡಾಡಿದ್ದನ್ನು ನಾನೂ ನೋಡಿದೆ. ಅದರ ಕೆಳಗೆ ಬಂದ ಮಾತುಗಳನ್ನೂ ಓದಿದೆ. ಸೋಮವಾರ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಏಳು ಮಂದಿ ಆಫೀಸಿಗೆ ಬಂದಿದ್ದಿರಿ. "ಯಾವುದೋ ದೇಶದ ಪೂಜೆ ನಮ್ಮ ಮಕ್ಕಳಿಗೆ ಯಾಕೆ ಮೇಡಂ?" ಎಂದು ಒಬ್ಬರು ಕೇಳಿದರು. "ಗಾಜಾದ ಸುದ್ದಿ ಗೊತ್ತಿದ್ದೂ ಯಹೂದಿಗಳನ್ನು ಹೊಗಳುತ್ತೀರಲ್ಲ?" ಎಂದು ಇನ್ನೊಬ್ಬರು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರು. ಉಳಿದ ಯಾವ ವಿಷಯಕ್ಕೂ ಒಟ್ಟಾಗದವರು ನನ್ನನ್ನು ಬೈಯುವುದಕ್ಕಾದರೂ ಒಟ್ಟಾದರಲ್ಲ ಎಂದುಕೊಂಡೆ.

ಮೊದಲು ನಮ್ಮ ತಪ್ಪು ಹೇಳುತ್ತೇನೆ. ಯಹೂದಿಗಳ ವಿಶ್ರಾಂತಿಯ ದಿನವಾದ ಶಬ್ಬಾತ್ ಶುಕ್ರವಾರ ಸಂಜೆ, ಸೂರ್ಯ ಮುಳುಗುವ ಮುಂಚೆ ಮನೆಯಲ್ಲಿ ದೀಪ ಹಚ್ಚುವುದರೊಂದಿಗೆ ಶುರುವಾಗುತ್ತದೆ. ಅದನ್ನು ತೋರಿಸಲೆಂದು ಟೀಚರ್ ಬತ್ತಿ ಹಚ್ಚಿದರು. ಮಂತ್ರ ಹೇಳಿಸಲಿಲ್ಲ, ಯಾರ ಕೈಯನ್ನೂ ಮುಗಿಸಲಿಲ್ಲ. ಆದರೂ ಹಚ್ಚಬಾರದಿತ್ತು, ಚಿತ್ರ ಸಾಕಿತ್ತು. ಇನ್ನು ಮುಂದೆ ಯಾವ ಧರ್ಮದ ಆಚರಣೆಯನ್ನೂ ತರಗತಿಯಲ್ಲಿ ಮಾಡಿ ತೋರಿಸುವುದಿಲ್ಲ. ಆದರೆ ಆ ಟೀಚರ್ ಬಗ್ಗೆ ಗ್ರೂಪಿನಲ್ಲಿ ಬರೆದ ಕೆಲವು ಮಾತು ನನಗೆ ನೋವು ತಂದಿದೆ. ಅವರು ಹದಿನಾರು ವರ್ಷದಿಂದ ಇಲ್ಲಿದ್ದಾರೆ. ನಿಮ್ಮಲ್ಲೇ ಕೆಲವರು ಅವರ ಬಳಿ ಓದಿದವರು.

ತರಗತಿ ಮಾತ್ರ ನಿಲ್ಲುವುದಿಲ್ಲ.

ಜೂನ್‌ನಿಂದ ಈ ಪಾಠ ನಡೆಯುತ್ತಿದೆ. ಜೈನ, ಬೌದ್ಧ, ಸಿಖ್ ಧರ್ಮಗಳು ಮುಗಿದವು, ಆಗ ಒಂದು ಫೋನೂ ಬರಲಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೊರಟಾಗ ನೀವೇ ಚಿತ್ರಾನ್ನ ಕಟ್ಟಿ ಕಳಿಸಿದಿರಿ. ಹೋಗಿ ಬಂದ ಯಾವ ಮಗುವೂ ಜೈನನಾಗಲಿಲ್ಲ. ನನಗೆ ತಿಳಿದ ಮಟ್ಟಿಗೆ ರಾತ್ರಿ ಊಟವನ್ನೂ ಬಿಟ್ಟಿಲ್ಲ. ಇದೂ ಹಾಗೆಯೇ. ಇದು ಪಾಠ, ಪೂಜೆಯಲ್ಲ.

ಯಹೂದಿ ಧರ್ಮವೇ ಯಾಕೆ ಎಂಬ ಪ್ರಶ್ನೆ ಉಳಿಯುತ್ತದೆ. ಕಳೆದ ವರ್ಷ ಹತ್ತನೆಯವರಿಗೆ ಹಿಟ್ಲರನ ಪಾಠ ನಡೆಯುತ್ತಿತ್ತು. ಸುಮಾರು 60 ಲಕ್ಷ ಯಹೂದಿಗಳ ಕೊಲೆಯ ವಿಷಯ ಬಂದಾಗ ಒಬ್ಬ ಹುಡುಗಿ ಕೈ ಎತ್ತಿದಳು. "ಯಹೂದಿ ಅಂದರೆ ಯಾರು ಟೀಚರ್? ಹಿಟ್ಲರ್ ಕೊಂದವರು ಅಂತ ಮಾತ್ರ ಗೊತ್ತು." ಒಂದು ಜನ ಹೇಗೆ ಸತ್ತರು ಎಂದು ಗೊತ್ತಿದ್ದು, ಹೇಗೆ ಬದುಕಿದರು ಎಂದು ಗೊತ್ತಿಲ್ಲದಿದ್ದರೆ ಆ ಪಾಠ ಅರ್ಧವೇ.

ಇನ್ನು "ಯಾವುದೋ ದೇಶದ" ಎಂಬ ಮಾತು. ನಮ್ಮ ಮಂಗಳೂರಿನ ಬಂದರಿಗೆ ಸುಮಾರು 900 ವರ್ಷದ ಹಿಂದೆ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಬಂದಿದ್ದ. ಈಗಿನ ಟುನೀಷಿಯಾದ ಮಹ್ದಿಯಾ ಎಂಬ ಊರಿನವ. ಆಶು ಎಂಬ ಇಲ್ಲಿನ ದಾಸಿಯನ್ನು ಬಿಡುಗಡೆ ಮಾಡಿದ್ದಕ್ಕೆ ಪತ್ರವಿದೆ. ಬರೆದ ಸ್ಥಳ ಮಂಗಳೂರು, ದಿನಾಂಕ 1132ರ ಅಕ್ಟೋಬರ್ 17. ಅವನ ಪರವಾಗಿ ಯೆಮೆನ್‌ನ ಏಡನ್ ಬಂದರಿಗೆ ಹೋಗಿ ವ್ಯವಹಾರ ಮುಗಿಸಿ ಬರುತ್ತಿದ್ದವನ ಹೆಸರು ಬೊಮ್ಮ. ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಅಡಿಕೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಬರುತ್ತಿತ್ತು. 1149ರಲ್ಲಿ ಬೆನ್ ಯಿಜು ಏಡನ್‌ಗೆ ಮರಳಿದ.

ಆ ಪತ್ರಗಳು ಉಳಿದದ್ದೇ ಒಂದು ಸೋಜಿಗ. ದೇವರ ಹೆಸರಿರುವ ಕಾಗದವನ್ನು ಯಹೂದಿಗಳು ಕಸಕ್ಕೆ ಎಸೆಯುವುದಿಲ್ಲ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ, ಕೋಣೆಯೊಂದರಲ್ಲಿ ಅಂಥವನ್ನು ತುಂಬಿಡುತ್ತಿದ್ದರು. ಜತೆಗೆ ಲೆಕ್ಕದ ಚೀಟಿ, ಮನೆಯ ಕಾಗದಗಳೂ ಸೇರಿಕೊಂಡವು. ಇದನ್ನು ಟೀಚರ್ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ನಮ್ಮಲ್ಲೂ ಹಾಗೇ ಉಂಟಲ್ಲ ಟೀಚರ್, ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವುದು" ಎಂದ. ನಾನು ಆಗ ಬಾಗಿಲ ಬಳಿ ನಿಂತಿದ್ದೆ. ಹತ್ತೊಂಬತ್ತು ವರ್ಷಕ್ಕೆ ಏಳು ಸಲ ಯಹೂದಿಗಳ ಪಂಚಾಂಗಕ್ಕೆ ಒಂದು ತಿಂಗಳು ಹೆಚ್ಚಿಗೆ ಸೇರುತ್ತದೆ ಎಂದಾಗ "ಅಧಿಕ ಮಾಸ!" ಎಂದು ಮೂರು ಮಕ್ಕಳು ಒಟ್ಟಿಗೆ ಕೂಗಿದ್ದೂ ಅವತ್ತೇ. ಈ ಫೋಟೋ ಯಾರೂ ತೆಗೆಯಲಿಲ್ಲ.

ಗಾಜಾದ ವಿಷಯ ಎತ್ತಿದವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಇಸ್ರೇಲ್ 1948ರಲ್ಲಿ ಹುಟ್ಟಿದ ದೇಶ, ಯಹೂದಿ ಧರ್ಮ ಅದಕ್ಕಿಂತ ಸಾವಿರಾರು ವರ್ಷ ಹಳೆಯದು. ಒಂದು ಸರ್ಕಾರ ಮಾಡುವುದಕ್ಕೆ ಒಂದು ಧರ್ಮವನ್ನು ಹೊಣೆ ಮಾಡಬಾರದು. ಈ ಮಾತು ನಮಗೆಲ್ಲರಿಗೂ ಬೇಕಾಗುತ್ತದೆ. ಮಕ್ಕಳು ಯುದ್ಧದ ಬಗ್ಗೆ ಕೇಳಿದರೆ ಬಾಯಿ ಮುಚ್ಚಿಸುವುದಿಲ್ಲ, ಯಾರ ಪರ ಘೋಷಣೆಯನ್ನೂ ಹೇಳಿಸುವುದಿಲ್ಲ.

ಕಾನೂನಿನ ಮಾತು ಬಂದದ್ದರಿಂದ ಹೇಳುತ್ತೇನೆ. ಸಂವಿಧಾನದ 28ನೇ ವಿಧಿ ತಡೆಯುವುದು ಧಾರ್ಮಿಕ ಬೋಧನೆಯನ್ನು. ಧರ್ಮಗಳ ಬಗ್ಗೆ ತಿಳಿಸುವುದು ಅದಲ್ಲವೆಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕೋರ್ಟನ್ನು ಮುಂದಿಟ್ಟು ನಿಮ್ಮೊಡನೆ ವಾದ ಮಾಡುವ ಮನಸ್ಸು ನನಗಿಲ್ಲ. ನಿಮ್ಮ ಮನೆಯ ದೇವರು, ನಿಮ್ಮ ನಮಾಜು, ನಿಮ್ಮ ಚರ್ಚು ಹೇಗಿವೆಯೋ ಹಾಗೇ ಇರುತ್ತವೆ. ಮತ್ತೆ ಮತ್ತೆ ಅದನ್ನೇ ಹೇಳುತ್ತೇನೆ ಎಂದು ಬೇಸರಿಸಬೇಡಿ: ಇದು ಪಾಠ, ಪೂಜೆಯಲ್ಲ. ನೋಟ್ಸ್ ಬೇಕಾದರೆ ಆಫೀಸಿನಲ್ಲಿದೆ, ಬಂದು ಓದಿ. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳುವುದಾದರೂ ಬನ್ನಿ, ಕಾಫಿ ನನ್ನ ಲೆಕ್ಕದಲ್ಲಿ.

ಅಂಕಗಳಿಗೂ ಇದಕ್ಕೂ ಸಂಬಂಧವಿಲ್ಲ. ಒಪ್ಪಿಗೆ ಇಲ್ಲದವರ ಮಕ್ಕಳು ಆ ಅವಧಿಯಲ್ಲಿ ಲೈಬ್ರರಿಯಲ್ಲಿ ಇರಬಹುದು, ಯಾರೂ ಕಾರಣ ಕೇಳುವುದಿಲ್ಲ.

ಡೈರಿಯಲ್ಲಿ ಅಂಟಿಸಿರುವ ಚೀಟಿಗೆ ಸಹಿ ಮಾಡಿ ಗುರುವಾರದೊಳಗೆ ಕಳಿಸಿ.

ಮುಂದಿನ ಶನಿವಾರ ಪಾರ್ಸಿಗಳ ಪಾಠ. ಬೆಂಕಿ ಚಿತ್ರದಲ್ಲಿ ಮಾತ್ರ ಇರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ